ಸ್ಪಾಟೆಡ್: ಪದದ ಅರ್ಥ ಮತ್ತು ಮುದುಮಲೆಯ ಚುಕ್ಕೆ ಜಿಂಕೆ

1. ಸ್ಪಾಟೆಡ್ (ಗುಣವಾಚಕ): ಮೈಮೇಲೆ ಬಿಡಿಬಿಡಿಯಾದ ಚುಕ್ಕೆಗಳಿರುವ. ಸ್ಪೆಕಲ್ಡ್: ಎರಚಿದಂತೆ ಸಣ್ಣ ಚುಕ್ಕೆಗಳು. ಮಾಟಲ್ಡ್: ಅಂಚು ಸ್ಪಷ್ಟವಿಲ್ಲದ ಮಚ್ಚೆಗಳು. ಡ್ಯಾಪಲ್ಡ್: ಮರದಡಿಯ ಬಿಸಿಲು–ನೆರಳಿನಂತಹ ಮಚ್ಚೆ.

2. ಗಮನಿಸಿ: 'ಲೆಪರ್ಡ್ ಸ್ಪಾಟೆಡ್ ನಿಯರ್ ಮಸಿನಗುಡಿ' ಎಂಬಲ್ಲಿ ಅರ್ಥ 'ಚಿರತೆ ಕಾಣಿಸಿತು'. ಇಲ್ಲಿ ಅದು ಕ್ರಿಯಾರೂಪ, ಗುಣವಾಚಕವಲ್ಲ. ಅನುವಾದ ಪ್ರಶ್ನೆಗಳಲ್ಲಿ ಅಂಕ ಹೋಗುವುದು ಇಲ್ಲೇ.

3. ಉದಾಹರಣೆ: ಸ್ಪಾಟೆಡ್ ಡಿಯರ್. ಕನ್ನಡದಲ್ಲಿ ಚುಕ್ಕೆ ಜಿಂಕೆ, ತಮಿಳಿನಲ್ಲಿ ಪುಳ್ಳಿಮಾನ್, ಹಿಂದಿಯಲ್ಲಿ ಚೀತಲ್. ವೈಜ್ಞಾನಿಕ ಹೆಸರು ಆಕ್ಸಿಸ್ ಆಕ್ಸಿಸ್.
- ಬಿಳಿ ಚುಕ್ಕೆಗಳು ಜೀವನಪೂರ್ತಿ ಉಳಿಯುತ್ತವೆ. ಹಲವು ಜಿಂಕೆ ಜಾತಿಗಳಲ್ಲಿ ಮರಿಗಷ್ಟೇ ಚುಕ್ಕೆ, ಬೆಳೆದಂತೆ ಮಾಯ. ಬೆಳೆದ ಕಡವೆಗೆ ಚುಕ್ಕೆಯಿಲ್ಲ.
- ಗಂಡಿಗೆ ಮಾತ್ರ ಕವಲುಕೊಂಬು. ಉದುರಿ ಮತ್ತೆ ಬೆಳೆಯುತ್ತದೆ. ಕಾಟಿಯ ಕೊಂಬು ಉದುರದು.

4. ಹೆಚ್ಚು ಗೊಂದಲವಾಗುವ ಮೂರು ಚುಕ್ಕೆಯ ಪ್ರಾಣಿಗಳು:
- ಚೀತಾ: ತುಂಬಿದ ಕಪ್ಪು ಚುಕ್ಕೆ, ಕಣ್ಣಿನಿಂದ ಬಾಯಿವರೆಗೆ ಕಪ್ಪು ಗೆರೆ. ಭಾರತದಲ್ಲಿ ಅಳಿದಿದೆ ಎಂದು ಘೋಷಣೆ 1952. ಕುನೋ ರಾಷ್ಟ್ರೀಯ ಉದ್ಯಾನದಲ್ಲಿ ಮತ್ತೆ ಬಿಡುಗಡೆ 17 ಸೆಪ್ಟೆಂಬರ್ 2022.
- ಚಿರತೆ: ಗುಲಾಬಿ ಹೂವಿನಾಕಾರದ ಮಚ್ಚೆ, ನಡುವೆ ಚುಕ್ಕೆಯಿಲ್ಲ. ನೀಲಗಿರಿಯಲ್ಲಿ ಕಾಣುವುದು ಇದೇ. ಕರಿಚಿರತೆಯೂ ಇದೇ ಜಾತಿ. ಓರೆ ಬೆಳಕಿನಲ್ಲಿ ಅದರ ಮಚ್ಚೆಗಳೂ ಕಾಣುತ್ತವೆ.
- ಜಾಗ್ವಾರ್: ಮಚ್ಚೆಯೊಳಗೆ ಚುಕ್ಕೆ, ಅಮೆರಿಕ ಖಂಡಗಳ ಪ್ರಾಣಿ.

ಚೀತಲ್, ಚೀತಾ ಎರಡಕ್ಕೂ ಮೂಲ ಸಂಸ್ಕೃತದ 'ಚಿತ್ರ' (ಚುಕ್ಕೆಯುಳ್ಳ). ಇದೊಂದು ನೆನಪಿದ್ದರೆ ಎರಡೂ ಹೆಸರುಗಳ ಅರ್ಥ ಮರೆತುಹೋಗದು.

5. ಚುಕ್ಕೆ ಜಿಂಕೆ ಕಾಣುವ ಸ್ಥಳ: ಮುದುಮಲೆ, ನೀಲಗಿರಿ ಜಿಲ್ಲೆ. ಅಭಯಾರಣ್ಯ 1940, ಹುಲಿ ಸಂರಕ್ಷಿತ ಪ್ರದೇಶ 2007. ಉತ್ತರಕ್ಕೆ ಬಂಡೀಪುರ, ಪಶ್ಚಿಮಕ್ಕೆ ವಯನಾಡು, ನದಿ ಮೋಯಾರ್. ಇದು ಸೇರಿರುವ ನೀಲಗಿರಿ ಜೀವಗೋಳ ಮೀಸಲು 1986, ದೇಶದ ಮೊದಲನೆಯದು.