ಹೊಸ ಅಡುಗೆಮನೆಯ ಹಿಡಿಗಳನ್ನು ಕುರಿತು

ಮಾಟುಂಗಾ, ಮುಂಬಯಿ

ಚಿರಂಜೀವಿ ಸೌಭಾಗ್ಯವತಿ ಸೊಸೆಗೆ ಸೋದರಮಾವನ ಆಶೀರ್ವಾದಗಳು.

ಕಳೆದ ಭಾನುವಾರ ಮೈಸೂರು ಅಸೋಸಿಯೇಷನ್ನಿನ ಮೆಟ್ಟಿಲಿಳಿಯುತ್ತ, ಡೊಂಬಿವಲಿಯ ನಿನ್ನ ಹೊಸ ಮನೆಯ ಅಡುಗೆಮನೆಯ ಕಪಾಟುಗಳಿಗೆ ಹಳ್ಳಿಯ ಮಾದರಿಯ ಹಿಡಿಗಳೇ ಬೇಕೆಂದು ಹೇಳಿ, ಕರಿಯ ಕಬ್ಬಿಣದ ಬಳೆಗಳ ಚಿತ್ರವೊಂದನ್ನು ತೋರಿಸಿ, ನನ್ನ ಅಭಿಪ್ರಾಯವೇನೆಂದು ಕೇಳಿದೆಯಷ್ಟೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸತಕ್ಕ ಸಂಗತಿಯಲ್ಲವಾದುದರಿಂದ ಈ ಪತ್ರ; ಹೊಸದಾಗಿ ಸಂಸಾರ ಹೂಡುತ್ತಿರುವ ನಿನ್ನ ಓರಗೆಯವರು ಇದನ್ನು ಓದಿದರೂ ಅಡ್ಡಿಯಿಲ್ಲ.

ನಮ್ಮ ಊರಿನ ಅಡುಗೆಮನೆಯನ್ನು ಒಮ್ಮೆ ಕಣ್ಮುಂದೆ ತಂದುಕೊ. ಗೋಡೆಯ ಗೂಡುಗಳಿಗೆ ಕದವಿರಲಿಲ್ಲ. ಹಾಲುಮೊಸರುಗಳು ನೆಲುವಿನಲ್ಲಿ ತೂಗುತ್ತಿದ್ದವು. ಉಪ್ಪಿನಕಾಯಿಯ ಭರಣಿಗೆ ಬಟ್ಟೆಯ ಕಟ್ಟೇ ಬೀಗ, ಹಿತ್ತಿಲ ಬಾಗಿಲಿಗೆ ಮರದ ಅಗುಳಿಯೇ ಕಾವಲು. ಲೋಹವು ಬೆಲೆಯುಳ್ಳ ಪದಾರ್ಥವಾಗಿದ್ದ ಆ ಕಾಲದಲ್ಲಿ, ತಲೆಬಾಗಿಲಿನ ಚಿಲಕ, ಕಣಜದ ಕೊಂಡಿ ಮುಂತಾಗಿ ಬಲವು ಅವಶ್ಯವಾದೆಡೆಯಲ್ಲಿ ಮಾತ್ರ ಕಮ್ಮಾರನ ಕೈವಾಡ ಕಾಣುತ್ತಿತ್ತು. ಕೆಲಸವಿಲ್ಲದ ಲೋಹವಿಲ್ಲ ಎಂಬುದೇ ಗ್ರಾಮ್ಯಶೈಲಿಯ ಮೂಲಸೂತ್ರ. ಇದನ್ನು ಮರೆತು, ಹದಿನಾಲ್ಕು ಬಾಗಿಲುಗಳಿಗೆ ಕೋಟೆಯ ಕದಗಳಿಗೊಪ್ಪುವ ಭಾರದ ಬಳೆಗಳನ್ನು ತೊಡಿಸಿದರೆ, ಅಡುಗೆಮನೆಯು ನಾಟಕದ ರಂಗಸಜ್ಜಿಕೆಯಂತಾದೀತು.

ನಾನೇ ಆ ತಪ್ಪನ್ನು ಮಾಡಿದವನು. ಮೂವತ್ತು ವರ್ಷಗಳ ಹಿಂದೆ ಇದೇ ಮನೆಯಲ್ಲಿ ಕರಿಬಣ್ಣ ಬಳಿದ ಕಬ್ಬಿಣದ ಬಳೆಗಳನ್ನು ಹಾಕಿಸಿದೆ. ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಳಿದ ದಿನಗಳಲ್ಲಿಯೂ ಉಪ್ಪುಗಾಳಿ ಬೀಸುವ ಈ ನಗರದಲ್ಲಿ, ಬಳೆಯು ತಟ್ಟೆಗೆ ಉಜ್ಜುವೆಡೆಯಲ್ಲಿ ಬಣ್ಣವು ಎದ್ದುಹೋಗಿ, ಎರಡನೆಯ ಮಳೆಗಾಲದ ವೇಳೆಗೆ ಕದಗಳ ಮೇಲೆಲ್ಲ ತುಕ್ಕಿನ ಕೆಂಪು ಕಣ್ಣೀರು ಇಳಿದಿತ್ತು. ಅದೂ ಸಾಲದೆಂಬಂತೆ, ರೈಲು ಹಾದಾಗಲೆಲ್ಲ ಬಳೆಗಳು ಗಲಗಲನೆ ನುಡಿಯುತ್ತಿದ್ದುದರಿಂದ, ಕೊನೆಯ ಲೋಕಲ್ ಹೋಗುವ ತನಕ ನಿನ್ನ ಅತ್ತೆಗೆ ನಿದ್ದೆಯಿಲ್ಲದಾಯಿತು.

ಆದುದರಿಂದ ಹಿತ್ತಾಳೆಯನ್ನು ಆರಿಸು; ಅದಕ್ಕೆ ಕಿಲುಬು ಹಿಡಿದೀತೇ ಹೊರತು ತುಕ್ಕು ಹಿಡಿಯದು. ಆದರೆ ಹಿತ್ತಾಳೆಯೆಂದು ಮಾರುವುದೆಲ್ಲ ಹಿತ್ತಾಳೆಯಲ್ಲ. ಅಯಸ್ಕಾಂತವು ಅಂಟಿಕೊಂಡರೆ ಒಳಗಿರುವುದು ಕಬ್ಬಿಣ. ಅಂಟದಿದ್ದರೂ ಪೂರ್ಣ ನಂಬದೆ, ಹಿಂಬದಿಯಲ್ಲಿ ಸಣ್ಣದೊಂದು ಗೀರೆಳೆದು ನೋಡು: ಹಳದಿ ಕಂಡರೆ ಹಿತ್ತಾಳೆ, ಬಿಳುಪು ಕಂಡರೆ ಲೇಪ ಹಚ್ಚಿದ ಸತುವಿನ ಮಿಶ್ರಲೋಹ. ಹೊಸ ಹಿತ್ತಾಳೆಯ ಮೇಲೆ ಹೊಳಪು ಮಾಸದಿರಲೆಂದು ಪಾರದರ್ಶಕವಾದ ಮೆರುಗೆಣ್ಣೆಯನ್ನು ಬಳಿದಿರುವುದುಂಟು; ಅದು ಒಂದೊಂದೆಡೆ ಬಿರಿದು ಕಲೆಯಾದಾಗ, ನಿನ್ನ ಅಜ್ಜಿಯ ಹುಣಸೆಹುಳಿಯೂ ಕೈಸೋಲುವುದು. ಮೆರುಗಿಲ್ಲದುದನ್ನೇ ಕೇಳಿ ಕೊಳ್ಳು. ದಿನನಿತ್ಯ ಬೆರಳು ತಾಗುವಲ್ಲಿ ಅದು ತಾನಾಗಿ ಬೆಳಗಿ, ಬೆರಳು ಮುಟ್ಟದ ಮೂಲೆಗಳಲ್ಲಿ ಕಪ್ಪಾಗುತ್ತ ಹೋಗಿ, ಐದಾರು ವರ್ಷಗಳಲ್ಲಿ ನೀನು ಬಯಸುವ ಹಳಮೆಯನ್ನು ಪುಕ್ಕಟೆಯಾಗಿ ಪಡೆಯುವುದು.

ಹಳೆಯದನ್ನೇ ಕೊಳ್ಳುವೆಯಾದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹುಡುಕಬಹುದು; ಹಳೆಯ ಬಂಗಲೆಗಳ ಹಿಡಿಗಳೂ ಒಡೆದ ಹಡಗುಗಳ ಹಿತ್ತಾಳೆಯೂ ಅಲ್ಲಿ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಆಮ್ಲದಲ್ಲಿ ಅದ್ದಿ ವೃದ್ಧಾಪ್ಯ ಬರಿಸಿದ ಹೊಸ ಸಾಮಾನುಗಳೂ ಅಲ್ಲಿಯೇ ಉಂಟು. ಅಂಥವುಗಳಲ್ಲಿ ಕಪ್ಪು ಎಲ್ಲೆಡೆ ಸಮನಾಗಿರುವುದು, ನಿಜವಾದ ಹಳೆಯದರಲ್ಲಿಯಾದರೋ ಸವೆತವು ಬೆರಳಿನ ದಾರಿಯನ್ನೇ ಅನುಸರಿಸಿರುವುದು.

ಇನ್ನು ಅಳತೆಯ ಮಾತು. ಈಗಿನ ಹಿಡಿಗಳ ಎರಡು ರಂಧ್ರಗಳ ನಡುವಣ ದೂರವು ಸಾಮಾನ್ಯವಾಗಿ 96 ಅಥವಾ 128 ಮಿಲಿಮೀಟರು; ಹಳೆಯವು ಇಂಚಿನ ಲೆಕ್ಕದವು. ಹಿಡಿಗಳು ಕೈಗೆ ಬಾರದೆ ಬಡಗಿಯ ಕೈಯಿಂದ ರಂಧ್ರ ಕೊರೆಯಿಸಬೇಡ. 14 ಬೇಕಾದರೆ 16 ಕೊಳ್ಳು, ಏಕೆಂದರೆ ಹಳೆಯ ಹಿಡಿಯ ಜೋಡಿ ಮತ್ತೆ ಸಿಕ್ಕದು. ಪ್ಲೈವುಡ್ಡಿನ ಕದಕ್ಕೆ ಮೇಲಿನಿಂದ ಬಿಗಿದ ಸ್ಕ್ರೂ ಕಾಲಕ್ರಮದಲ್ಲಿ ಸಡಿಲುವುದರಿಂದ, ಒಳಗಿನಿಂದ ಹಾಯ್ದು ಹಿಡಿಯನ್ನು ಸೇರುವ ಬೋಲ್ಟೇ ಲೇಸು. ಹೊರಗೆ ಕಾಣುವ ಉದ್ದಪಟ್ಟಿಯ ಬಿಜಾಗರಿಗಳು ಗಟ್ಟಿಮರದ ಕದಕ್ಕೆ ತಕ್ಕವು. ನಿನ್ನ ಕದಗಳಿಗೆ ತುಕ್ಕು ಹಿಡಿಯದ ಉಕ್ಕಿನ ಒಳಬಿಜಾಗರಿಯೇ ಇರಲಿ. ಓಟಾ ಎನ್ನುವ ಅಡುಗೆಕಟ್ಟೆಗೂ ಎದುರು ಗೋಡೆಗೂ ನಡುವೆ ಇಬ್ಬರು ಒತ್ತಿಕೊಂಡೇ ಹಾಯಬೇಕಾದ ನಮ್ಮ ಅಡುಗೆಮನೆಗಳಲ್ಲಿ ಚೂಪಾದ ತುದಿಯ ಹಿಡಿಗಳು ಸೀರೆಯ ಸೆರಗನ್ನೂ ಮಕ್ಕಳ ಹಣೆಯನ್ನೂ ಬಿಡವು; ಅಂಚು ದುಂಡಗಿರುವ, ಹಿಟ್ಟಾದ ಕೈಯ ಎರಡು ಬೆರಳಿಗೆ ಸಿಕ್ಕುವ ಸಾದಾ ಹಿಡಿಯೇ ಸಾಕು. ಮೇಲಿನ ಅಟ್ಟದ ಕದಗಳನ್ನು ವರ್ಷಕ್ಕೆರಡು ಬಾರಿ ತೆರೆಯುವವಳು ಅಲ್ಲಿಗೆ ಹಿತ್ತಾಳೆಯನ್ನೇಕೆ ಸುರಿಯಬೇಕು? ಬೆರಳು ತೂರುವಷ್ಟು ರಂಧ್ರವೊಂದಿದ್ದರಾಯಿತು.

ಶುಕ್ರವಾರ ಮಟನ್ ಸ್ಟ್ರೀಟಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಬಾ. ಹನ್ನೊಂದು ಗಂಟೆಗೆ ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದಲ್ಲಿ ಕಾದಿರುತ್ತೇನೆ. ನೀನು ಅಳತೆಯ ಪಟ್ಟಿ ತಾ, ಅಯಸ್ಕಾಂತ ನನ್ನ ಜೇಬಿನಲ್ಲಿರುತ್ತದೆ.

ಇಂತು ಆಶೀರ್ವಾದಗಳೊಡನೆ,
ನಿನ್ನ ಸೋದರಮಾವ