ಲೇಸರ್ ಅಂದರು, ಒಪ್ಪಿಬಿಡುತ್ತಿದ್ದೆ

ಹಿಟ್ಟಿನ ಗಿರಣಿಯ ಗದ್ದಲದಲ್ಲಿ ಪಕ್ಕದವರ ಮಾತು ನನಗೆ ಚೆನ್ನಾಗಿ ಕೇಳುತ್ತಿತ್ತು. ಮನೆಗೆ ಬಂದರೆ ಮಗಳು ಕರೆದದ್ದೇ ಕೇಳುತ್ತಿರಲಿಲ್ಲ. ಎರಡನೇ ಬಾಣಂತನದ ಹೊತ್ತಿಗೆ ಶುರುವಾದದ್ದು, ನಿಶ್ಶಕ್ತಿ ಇರಬೇಕೆಂದು ಐದು ವರ್ಷ ತಳ್ಳಿದೆ. ಆಡಿಯೋಗ್ರಾಂ ಮಾಡಿಸಿದ ಮೇಲೆ ಗೊತ್ತಾಯಿತು, ಓಟೋಸ್ಕ್ಲೆರೋಸಿಸ್. ನಡುಕಿವಿಯ ರಿಕಾಪು ಮೂಳೆ, ಮೈಯಲ್ಲೇ ಅತಿ ಚಿಕ್ಕದು, ಸುಮಾರು 3 ಮಿಲಿಮೀಟರ್, ಅಲುಗಾಡದಂತೆ ಬಿಗಿದುಕೊಂಡಿತ್ತು. ಬಂದ ಸದ್ದು ಒಳಕಿವಿಗೆ ಸರಿಯಾಗಿ ದಾಟುತ್ತಿರಲಿಲ್ಲ. ಗದ್ದಲದಲ್ಲಿ ಜನ ಗಟ್ಟಿಯಾಗಿ ಮಾತಾಡುತ್ತಾರಲ್ಲ, ಅದಕ್ಕೇ ಅಲ್ಲಿ ಕೇಳುತ್ತಿದ್ದದ್ದು.

ಮೊದಲು ಹೋದ ಆಸ್ಪತ್ರೆಯಲ್ಲಿ 'ಲೇಸರ್' ಎಂಬ ಮಾತು, ಖರ್ಚಿನ ಲೆಕ್ಕ, ಇಷ್ಟೇ ಸಿಕ್ಕಿದ್ದು. ಕತ್ತರಿಸುವುದೇ ಇಲ್ಲವೇನೋ ಅಂದುಕೊಂಡಿದ್ದೆ. ಎರಡನೇ ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಿವಿಯ ತಮಟೆ ಎತ್ತಿ, ರಿಕಾಪಿನ ಮೇಲ್ಭಾಗ ತೆಗೆದು, ಅದರ ಪಾದಕ್ಕೆ ಒಂದು ಮಿಲಿಮೀಟರ್‌ಗಿಂತ ಕಿರಿದಾದ ತೂತು ಕೊರೆದು ಪಿಸ್ಟನ್ ಎಂಬ ಪುಟ್ಟ ಕೃತಕ ಕಡ್ಡಿ ಕೂರಿಸಬೇಕು. ಲೇಸರಿನ ಕೆಲಸ ಬಹುಮಟ್ಟಿಗೆ ಆ ತೂತಿನದು. ಮೂಳೆಯನ್ನು ಒತ್ತದೆ ಕೊರೆಯುತ್ತದೆ. ಉಳಿದದ್ದೆಲ್ಲ ವೈದ್ಯರ ಕೈಯ ಪಳಗುವಿಕೆ. ನರದ ದೋಷದಿಂದ ಬಂದ ಕಿವುಡಿಗೆ ಈ ಶಸ್ತ್ರಚಿಕಿತ್ಸೆ ಮದ್ದಲ್ಲ. "ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಹೋಗಬಹುದು ಕಣಮ್ಮ, ಅದಕ್ಕೇ ಕಡಿಮೆ ಕೇಳುವ ಕಿವಿಗೆ ಮೊದಲು ಮಾಡೋದು. ಹಿಯರಿಂಗ್ ಏಡ್ ಹಾಕ್ಕೊಂಡೂ ಇರಬಹುದು," ಅಂದರು. ಹೆದರಿಕೆಯಾಯಿತು, ಆದರೆ ನಂಬಿಕೆ ಬಂದದ್ದೂ ಆ ಮಾತಿಗೇ.

ಶಸ್ತ್ರಚಿಕಿತ್ಸೆಯ ದಿನ ಕಿವಿಯ ಸುತ್ತ ಮಾತ್ರ ಮರಗಟ್ಟಿಸಿದ್ದರು. ಪಿಸ್ಟನ್ ಕೂತ ಕ್ಷಣ ಸ್ಟೀಲ್ ತಟ್ಟೆಯಲ್ಲಿ ಸಲಕರಣೆ ಇಟ್ಟ ಸದ್ದು ಖಣ್ಣೆಂದಿತು, ಕಣ್ಣು ತುಂಬಿಬಂತು. ಆಮೇಲೆ ಕಿವಿಗೆ ತುಂಬಿದ ಬಟ್ಟೆಯಿಂದ ಮತ್ತೆ ಮಂಕು. ಎರಡು ದಿನ ತಲೆಸುತ್ತು. ಮೂರು ತಿಂಗಳು ನಾಲಿಗೆಯ ಒಂದು ಪಕ್ಕದಲ್ಲಿ ತಗಡು ನೆಕ್ಕಿದ ರುಚಿ, ತಿಳಿಸಾರಿಗೂ ಅದೇ. ರುಚಿಯ ನರ ನಡುಕಿವಿಯನ್ನು ಹಾದೇ ಹೋಗುತ್ತದಂತೆ. ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ನೀರಿನ ಬಕೆಟ್ ಎತ್ತಬಾರದು, ವೈದ್ಯರು ಹೇಳುವವರೆಗೆ ವಿಮಾನ ಹತ್ತಬಾರದು. ಆರನೇ ವಾರದ ಆಡಿಯೋಗ್ರಾಂ ನೋಡಿದಾಗಲೇ ಗೆದ್ದೆ ಅನಿಸಿದ್ದು. ಈಗ ಕುಕ್ಕರಿನ ಸದ್ದು ವರಾಂಡದಲ್ಲಿ ಕೂತರೂ ಕೇಳುತ್ತದೆ.

ನಿಮಗೂ ಲೇಸರ್ ಎಂದು ಹೇಳಿದ್ದರೆ, ನನ್ನ ಕಿವುಡು ಮೂಳೆಯದೋ ನರದದೋ, ಈ ಶಸ್ತ್ರಚಿಕಿತ್ಸೆಯನ್ನು ನೀವು ಎಷ್ಟು ಮಾಡಿದ್ದೀರಿ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಮಾಡಿಸಿಕೊಂಡ ಮೇಲೆ, ಅದು ಎಷ್ಟೇ ವರ್ಷಗಳಾಗಿರಲಿ, ಹಠಾತ್ತನೆ ತಲೆ ತಿರುಗಿ ಕೇಳುವುದು ಕುಗ್ಗಿದರೆ ನಾಳೆಗೆ ಮುಂದೂಡದೆ ಅಂದೇ ವೈದ್ಯರ ಬಳಿ ಹೋಗಿ.