ಎಲ್ಲ ಮಕ್ಕಳ ಆಟಕ್ಕಾಗಿ ಓಡೋಣ ಬನ್ನಿ

ಬಡಾವಣೆಯ ಪಾರ್ಕಿನಲ್ಲಿ ಜಾರುಬಂಡೆ, ಜೋಕಾಲಿ ಇರುತ್ತವೆ. ಆದರೆ ಸುತ್ತಲೂ ಮರಳು ಹಾಸಿದ್ದರೆ ಗಾಲಿಕುರ್ಚಿಯ ಮಗು ಅವುಗಳ ಹತ್ತಿರವೂ ಹೋಗಲಾರದು. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ ಪ್ರಕಾರ, ಉಳಿದ ಮಕ್ಕಳಂತೆಯೇ ಆಡುವುದು ವಿಕಲಚೇತನ ಮಕ್ಕಳ ಹಕ್ಕು. ಬೆಂಗಳೂರಿನಲ್ಲಿ ಪೋಷಕರೇ ಸೇರಿ ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ, ಪಾಲಿಕೆಯೊಂದಿಗೆ ಕೈಜೋಡಿಸಿ ಕೋಲ್ಸ್ ಪಾರ್ಕಿನಂಥ ಕಡೆ ಎಲ್ಲ ಮಕ್ಕಳೂ ಕೂಡಿ ಆಡುವ ತಾಣಗಳನ್ನು ರೂಪಿಸಿದೆ. ಇಂಥ ಕೆಲಸಕ್ಕೆ ಓಟದ ಮೂಲಕ ನೀವೂ ನೆರವಾಗಬಹುದು.

1. ಸಂಸ್ಥೆಯನ್ನು ಆರಿಸಿ
ಓಟಕ್ಕೆ ಹೆಸರು ಕೊಡುವ ಮೊದಲೇ ಹಣ ಯಾರಿಗೆ ಎಂಬುದನ್ನು ತೀರ್ಮಾನಿಸಿ. ನೋಂದಣಿ, ಲೆಕ್ಕಪತ್ರ ವಿಚಾರಿಸಿ. ಪಾರ್ಕಿನ ವಿನ್ಯಾಸದಲ್ಲಿ ಮಕ್ಕಳ, ಪೋಷಕರ ಮಾತಿಗೆ ಬೆಲೆಯಿದೆಯೇ ಎಂದು ತಪ್ಪದೆ ಕೇಳಿ.

2. ಉದ್ದೇಶ ಸ್ಪಷ್ಟವಿರಲಿ
‘ಮಕ್ಕಳಿಗೆ ಸಹಾಯ ಮಾಡಿ’ ಎಂದಷ್ಟೇ ಕೇಳಬೇಡಿ. ಒರಗಿ ಕೂರಬಹುದಾದ ಜೋಕಾಲಿ, ಗಾಲಿಕುರ್ಚಿ ಸಮೇತ ಏರಬಹುದಾದ ತಿರುಗು ವೇದಿಕೆ, ಮರಳಿನ ಬದಲು ರಬ್ಬರ್ ಹಾಸು, ಒಂದು ಅಡಿ ಏರಲು ಕನಿಷ್ಠ 12 ಅಡಿ ಉದ್ದವಿರುವ ಇಳಿಜಾರು ದಾರಿ: ಇವುಗಳಲ್ಲಿ ಯಾವುದು ಬೇಕಾಗಿದೆ, ಖರ್ಚೆಷ್ಟು ಎಂದು ಸಂಸ್ಥೆಯಿಂದ ತಿಳಿದು ಗುರಿ ನಿಗದಿಮಾಡಿ.

3. ಓಟಕ್ಕೆ ಹೆಸರು ಕೊಡಿ
2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಓಟದಲ್ಲಿ ಸೇವಾಸಂಸ್ಥೆಗಳಿಗಾಗಿ ಹಣ ಸಂಗ್ರಹಿಸುವ ಏರ್ಪಾಡಿದೆ. ಹತ್ತು ಕಿಲೋಮೀಟರ್ ಹೆಚ್ಚೆನಿಸಿದರೆ ‘ಮಜಾ ರನ್’ ಇದೆ, ವಿಕಲಚೇತನರಿಗೂ ವಿಭಾಗವಿದೆ. ಪ್ರವೇಶ ಶುಲ್ಕ ಕಟ್ಟಿದ ಮಾತ್ರಕ್ಕೆ ನೀವು ಆರಿಸಿದ ಸಂಸ್ಥೆಗೆ ಹಣ ಸೇರುವುದಿಲ್ಲ. ದೇಣಿಗೆಯನ್ನು ಬೇರೆಯಾಗಿಯೇ ಕೂಡಿಸಬೇಕು.

4. ಅಭ್ಯಾಸ ಮಾಡಿ
ಹೊಸಬರಿಗೆ ಎರಡು–ಮೂರು ತಿಂಗಳಾದರೂ ಬೇಕು. ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಆರಂಭಿಸಿ. ಓಡುತ್ತಲೇ ಮಾತಾಡಲು ಆಗುವಷ್ಟು ವೇಗ ಸಾಕು. ದೂರವನ್ನು ವಾರವಾರ ಸ್ವಲ್ಪಸ್ವಲ್ಪವೇ ಏರಿಸಿ, ನಡುವೆ ವಿಶ್ರಾಂತಿಯಿರಲಿ. ಹೃದಯದ ತೊಂದರೆ, ಮಧುಮೇಹ ಇರುವವರು ಮೊದಲು ವೈದ್ಯರನ್ನು ಕಾಣಬೇಕು.

5. ಸಂಕೋಚವಿಲ್ಲದೆ ಕೇಳಿ
ನೆಂಟರು, ಸಹೋದ್ಯೋಗಿಗಳು, ಅಪಾರ್ಟ್‌ಮೆಂಟ್ ಸಂಘ ಎಂದು ಪಟ್ಟಿ ಮಾಡಿಕೊಳ್ಳಿ. ಗುಂಪಿಗೆ ಸಂದೇಶ ಹಾಕಿ ಸುಮ್ಮನಾಗದೆ ಒಬ್ಬೊಬ್ಬರಿಗೂ ಹೆಸರು ಹೇಳಿ ಕೇಳಿ. ಮೊದಲ ದೇಣಿಗೆ ನಿಮ್ಮದೇ ಆಗಿರಲಿ. ಹಣ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಲಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗದು. ಮಕ್ಕಳ ಚಿತ್ರವನ್ನು ಪೋಷಕರ ಒಪ್ಪಿಗೆಯಿಲ್ಲದೆ ಬಳಸಬೇಡಿ; ಕರುಣೆ ಹುಟ್ಟಿಸುವ ಮಾತೂ ಬೇಡ.

6. ಓಟದ ದಿನ
ಹೊಸ ಶೂ ಬೇಡ. ಬಾಳೆಹಣ್ಣಿನಂಥ ಹಗುರ ಆಹಾರ ಸಾಕು. ನಿಧಾನವಾಗಿ ಆರಂಭಿಸಿ, ಆಗಾಗ ನೀರು ಕುಡಿಯಿರಿ. ತಲೆಸುತ್ತು, ಎದೆನೋವು ಬಂದರೆ ತಕ್ಷಣ ನಿಂತು ವೈದ್ಯಕೀಯ ತಂಡವನ್ನು ಕರೆಯಿರಿ.

7. ಲೆಕ್ಕ ಒಪ್ಪಿಸಿ
ಎಷ್ಟು ಹಣ ಬಂತು, ಯಾವುದಕ್ಕೆ ಬಳಕೆಯಾಯಿತು ಎಂದು ಕೊಟ್ಟವರಿಗೆಲ್ಲ ತಿಳಿಸಿ. ರಸೀದಿ ತಲುಪಿತೇ ವಿಚಾರಿಸಿ.

ಆಟದ ಸಲಕರಣೆ ಕೂರಿಸಿದ ಮೇಲೂ ಅದರ ನಿರ್ವಹಣೆ ನಡೆಯುತ್ತಲೇ ಇರಬೇಕು. ನಿಮ್ಮ ಬಡಾವಣೆಯ ಪಾರ್ಕಿನ ಗೇಟಿನಲ್ಲಿ ಗಾಲಿಕುರ್ಚಿ ನುಗ್ಗುತ್ತದೆಯೇ ನೋಡಿ. ಇಲ್ಲವಾದರೆ ನೆರೆಹೊರೆಯವರ ಸಹಿ ಹಾಕಿಸಿ ಪಾಲಿಕೆಗೆ ಇಂದೇ ಒಂದು ಮನವಿ ಕೊಡಿ.